ಡಾಕ್ಟರು ಇವತ್ತು ಯಾವ ಊರಿನಲ್ಲಿ

ನಮ್ಮ ಕಣ್ಣಿನ ಆಸ್ಪತ್ರೆಯ ಕೌಂಟರಿಗೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ನನಗೆ ಫೋನ್ ಮಾಡಿ, "ವಾರಿಜಕ್ಕ, ಈ ಕೆಲ್ಸಕ್ಕೆ ಮುಖ್ಯ ಎಂತ ಗೊತ್ತಿರ್ಕ್?" ಎಂದು ಕೇಳುವುದುಂಟು. ಇಂಗ್ಲಿಷ್ ಬರಬೇಕಾ, ಟೈಪಿಂಗ್ ಬರಬೇಕಾ ಎಂದು ಅವರಿಗೆ ಅನುಮಾನ. ಡಾಕ್ಟರು ಇವತ್ತು ಯಾವ ಊರಿನಲ್ಲಿದ್ದಾರೆ ಎಂದು ಹೇಳಲು ಬಂದರೆ ಸಾಕು ಎನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆಗೆ ಹೇಳುವುದಲ್ಲ. 1997ರಲ್ಲಿ ಸೇರಿದ ದಿನದಿಂದ ನಿವೃತ್ತಿಯಾಗುವವರೆಗೆ ಆ ಒಂದು ಪ್ರಶ್ನೆಗೆ ಉತ್ತರ ಕೊಡುವುದೇ ನನ್ನ ಕೆಲಸವಾಗಿತ್ತು, ಎಷ್ಟೋ ದಿನ ನನಗೇ ಉತ್ತರ ಗೊತ್ತಿರಲಿಲ್ಲ.

ನಮ್ಮದು ಮೂರು ಊರುಗಳ ಆಸ್ಪತ್ರೆ. ಮುಖ್ಯ ಕಟ್ಟಡ ಬ್ರಹ್ಮಾವರದಲ್ಲಿ. ಕುಂದಾಪುರದಲ್ಲಿ ಒಂದು ಶಾಖೆ, ಬೈಂದೂರಿನಲ್ಲಿ ಇನ್ನೊಂದು. ಡಾಕ್ಟರುಗಳು ಮಾತ್ರ ಮೂರೂ ಊರಿಗೆ ಅವರೇ. ಇವತ್ತು ಇಲ್ಲಿ, ನಾಳೆ ಅಲ್ಲಿ. ನಾನು ಬೀಜಾಡಿಯವಳು, ಹಾಗಾಗಿ ಕುಂದಾಪುರದ ಕೌಂಟರಿಗೆ ಹಾಕಿದರು. ಆಗ ಕೌಂಟರಿನ ಹಿಂದಿನ ಗೋಡೆಗೆ ಒಂದು ಕಪ್ಪು ಹಲಗೆ ಹೊಡೆದಿದ್ದರು. ಬೆಳಿಗ್ಗೆ ಬ್ರಹ್ಮಾವರದಿಂದ ಮ್ಯಾನೇಜರ್ ಪ್ರಭು ಸರ್ ಫೋನ್ ಮಾಡಿ ಯಾವ ಡಾಕ್ಟರು ಎಲ್ಲಿ ಎಂದು ಹೇಳುವುದು, ನಾನು ಸೀಮೆಸುಣ್ಣದಲ್ಲಿ ಬರೆಯುವುದು. ಅಷ್ಟೇ ವ್ಯವಸ್ಥೆ.

ಅಷ್ಟರಲ್ಲೇ ಬೇಕಾದಷ್ಟು ಗೊಂದಲವಿತ್ತು. ಆಗಿನ ಫೋನಿನಲ್ಲಿ ಗೊರಗೊರ ಸದ್ದಿನ ನಡುವೆ ಮಾತಿನ ಮೊದಲಕ್ಷರ ಮಾತ್ರ ಕೇಳುತ್ತಿತ್ತು. ಬ್ರಹ್ಮಾವರಕ್ಕೂ 'ಬ', ಬೈಂದೂರಿಗೂ 'ಬ'. ಎರಡು ಸಲ ಹೆಚ್ಚುಕಡಿಮೆಯಾದ ಮೇಲೆ ಪ್ರಭು ಸರ್ ಊರಿನ ಹೆಸರು ಹೇಳುವುದನ್ನೇ ಬಿಟ್ಟು, "ಇವತ್ತು ಒಬ್ಬರು ತೆಂಕು, ಒಬ್ಬರು ಬಡಗು" ಎನ್ನಲು ಶುರುಮಾಡಿದರು. ದಕ್ಷಿಣದ ಬ್ರಹ್ಮಾವರ ತೆಂಕು, ಉತ್ತರದ ಬೈಂದೂರು ಬಡಗು. ನನಗೇನೋ ಅನುಕೂಲವಾಯಿತು. ಆದರೆ ಒಂದು ದಿನ ನಾನು ರಜೆ ಹಾಕಿದಾಗ, ಘಟ್ಟದ ಮೇಲಿನಿಂದ ಹೊಸದಾಗಿ ಬಂದಿದ್ದ ನರ್ಸೊಬ್ಬಳು ಫೋನ್ ಎತ್ತಿಕೊಂಡಿದ್ದಳು. ಮರುದಿನ ಬಂದು ನೋಡಿದರೆ ಹಲಗೆಯ ಮೇಲೆ ದುಂಡಗಿನ ಅಕ್ಷರದಲ್ಲಿ 'ಡಾ. ತೆಂಕು' ಎಂದು ಬರೆದಿತ್ತು. ಆ ಹೊತ್ತಿಗಾಗಲೇ ಗುಲ್ವಾಡಿಯಿಂದ ಬಂದ ಹಿರಿಯರೊಬ್ಬರು ಬೆಂಚಿನ ಮೇಲೆ ಕೂತು, "ನಂಗೆ ತೆಂಕು ಡಾಕ್ಟ್ರೇ ಆಯ್ಕ್. ನಿನ್ನೆ ಒಬ್ಬ ಹೇಳಿದ, ಅವ್ರ್ ಕಣ್ಣ್ ಭಾರೀ ಲಾಯ್ಕ್ ಕಾಂತ್ರಂಬ್ರ್" ಎಂದು ಹಟ ಹಿಡಿದಿದ್ದರು. ಅಂಥ ಡಾಕ್ಟರೇ ಇಲ್ಲ ಎಂದು ಅವರನ್ನು ಒಪ್ಪಿಸುವುದು ನನ್ನಿಂದ ಆಗಲೇ ಇಲ್ಲ.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಕಂಪ್ಯೂಟರ್ ಬಂತು.

ಬರುವ ಮೊದಲು ಪ್ರಭು ಸರ್ ನಮ್ಮನ್ನೆಲ್ಲ ಬ್ರಹ್ಮಾವರಕ್ಕೆ ಕರೆಸಿ, ಇನ್ನು ಫೋನ್ ಬೇಡ, ಹಲಗೆ ಬೇಡ, ಇಮೇಲ್ ಕಳಿಸುವ ಸಾಫ್ಟ್‌ವೇರಿನೊಳಗೇ ಕ್ಯಾಲೆಂಡರ್ ಇದೆ, ಪ್ರತಿ ಡಾಕ್ಟರಿಗೂ ಒಂದೊಂದು, ಅದನ್ನು ಮೂರು ಊರಿನಲ್ಲೂ ಒಟ್ಟಿಗೇ ನೋಡಬಹುದು ಎಂದರು. ಕೇಳುವಾಗ ಸುಲಭ ಅನಿಸಿತು. ಮನೆಯ ಗೋಡೆಯ ಕ್ಯಾಲೆಂಡರ್ ನೋಡಿ ಅಭ್ಯಾಸವಿದ್ದವಳಿಗೆ ಇದೇನು ಮಹಾ ಎಂದುಕೊಂಡೆ.

ಪರದೆಯ ಎಡಗಡೆ ಡಾಕ್ಟರುಗಳ ಹೆಸರು ಸಾಲಾಗಿ ಇರುತ್ತಿತ್ತು. ಪ್ರತಿ ಹೆಸರಿನ ಮುಂದೆ ಸಣ್ಣ ಚೌಕ. ಅದರಲ್ಲಿ ಟಿಕ್ ಹಾಕಿದರೆ ಆ ಡಾಕ್ಟರರ ಕ್ಯಾಲೆಂಡರ್ ಬಲಗಡೆ ತೆರೆದುಕೊಳ್ಳುತ್ತಿತ್ತು, ತೆಗೆದರೆ ಮಾಯ. ಒಂದೊಂದಕ್ಕೆ ಒಂದೊಂದು ಬಣ್ಣ. ಎಲ್ಲರಿಗೂ ಟಿಕ್ ಹಾಕಿದರೆ ಕ್ಯಾಲೆಂಡರುಗಳು ರಿಬ್ಬನ್ನಿನಷ್ಟು ಸಪೂರವಾಗಿ ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತಿದ್ದವು, ಅಕ್ಷರ ಓದಲು ಆಗುತ್ತಿರಲಿಲ್ಲ. ಕೆಲವರಿಗೆ ಮಾತ್ರ ಹಾಕಿದರೆ ಬಿಟ್ಟವರನ್ನು ಕೇಳಿಕೊಂಡು ಜನ ಬರುತ್ತಿದ್ದರು. ಬೇರೆ ಯಾರಾದರೂ ಬಂದು ಟಿಕ್ ತೆಗೆದು ಹೋದರೆ ನನಗೆ ಗೊತ್ತಾಗುತ್ತಲೂ ಇರಲಿಲ್ಲ. ಹಲಗೆಯ ಮೇಲೆ ಅಳಿಸಿದ್ದು ಅಳಿಸಿದ ಹಾಗೆಯೇ ಇರುತ್ತಿತ್ತು. ಇಲ್ಲಿ ಕಾಣದೆ ಇದ್ದದ್ದೂ ಒಳಗೆ ಎಲ್ಲೋ ಇರುತ್ತಿತ್ತು. ಇದು ನನ್ನ ತಲೆಗೆ ಹೋಗಲು ವರ್ಷಗಳೇ ಬೇಕಾದವು.

ಒಂದು ಸಲ ಮಕ್ಕಳ ಕಣ್ಣು ನೋಡುವ ರೇಖಾ ಡಾಕ್ಟರರ ಹೆಸರಿನ ಟಿಕ್ ಹೇಗೋ ಹೋಗಿಬಿಟ್ಟಿತ್ತು. ಪರದೆಯಲ್ಲಿ ಅವರಿಲ್ಲ, ಅಂದಮೇಲೆ ಅವರು ರಜೆ ಎಂದುಕೊಂಡೆ. ಬಂದ ತಾಯಂದಿರಿಗೆಲ್ಲ "ಈ ವಾರ ಮಕ್ಕಳ ಡಾಕ್ಟ್ರ್ ಇಲ್ಲೆ" ಎಂದು ಹೇಳಿ ಕಳಿಸುತ್ತಿದ್ದೆ. ರೇಖಾ ಡಾಕ್ಟರು ಒಳಗಿನ ಕೋಣೆಯಲ್ಲೇ ಕೂತಿದ್ದರು. ಹಿಂಬಾಗಿಲಿನಿಂದ ಬಂದವರು, ನಾನು ನೋಡಿರಲಿಲ್ಲ. ಮಧ್ಯಾಹ್ನ ಅವರು ಹೊರಗೆ ಬಂದು, "ವಾರಿಜಾ, ಇವತ್ತು ಊರಿನ ಮಕ್ಕಳ ಕಣ್ಣೆಲ್ಲ ಸರಿಯಾಗಿಬಿಟ್ಟಿತಾ?" ಎಂದಾಗ ನಾನು ಅವರನ್ನೂ ಪರದೆಯನ್ನೂ ತಿರುಗಿ ತಿರುಗಿ ನೋಡಿದೆ. ನನ್ನ ಕಣ್ಣೆದುರು ನಿಂತವರನ್ನು ನಂಬುವುದೋ, ಪರದೆಯನ್ನು ನಂಬುವುದೋ ಎಂದು ಒಂದು ಗಳಿಗೆ ನಿಜಕ್ಕೂ ತಿಳಿಯಲಿಲ್ಲ. ಅವರಿಗೆ ಅದೇ ಹೆಚ್ಚು ನಗು ತಂದದ್ದು.

ಈ ಟಿಕ್ ಹಾಕುವ ಉಪದ್ರವದಿಂದ ನಮ್ಮನ್ನು ಬಿಡಿಸಿದವನು ಲಾರೆನ್ಸ್. ಬ್ರಹ್ಮಾವರದವನು, ನಮ್ಮ ಮೂರೂ ಶಾಖೆಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ನಮ್ಮೊಡನೆ ಕನ್ನಡ, ಕಂಪ್ಯೂಟರಿನೊಡನೆ ಇನ್ನೊಂದು ಭಾಷೆ. ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು ನಾನು ಬೆಳಿಗ್ಗೆ ಏನೇನು ಮಾಡುತ್ತೇನೆ ಎಂದು ಸುಮ್ಮನೆ ನೋಡಿದ. ನೋಡಿ ಮುಗಿಸಿ, "ಅಕ್ಕ, ನೀವು ದಿನಾ ಇದನ್ನೇ ಮಾಡುದಾ?" ಎಂದ.

"ಹೌದು. ಯಾಕೆ?"

"ಯಾಕೆ ಅಂದ್ರೆ ಇದು ಅದೇ ಮಾಡ್ಕೊಳ್ತದೆ ಮಾರ್ರೆ. ನಾನೊಂದು ಸಣ್ಣ ಪ್ರೋಗ್ರಾಂ ಬರೀತೇನೆ. ನೀವು ಬೆಳಿಗ್ಗೆ ಇದನ್ನು ತೆರೆದ ಕೂಡ್ಲೆ ಹಳೆ ಟಿಕ್ ಎಲ್ಲ ಹೋಗಿ, ಇವತ್ತು ನಿಮಗೆ ಬೇಕಾದವರ ಕ್ಯಾಲೆಂಡರ್ ಮಾತ್ರ ಬರ್ತದೆ."

"ನನಗೆ ಯಾರು ಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುದು?"

"ನಾನು ಹೇಳಿಡ್ತೇನೆ. ಸೋಮವಾರಕ್ಕೆ ಇಂಥವರು, ಮಂಗಳವಾರಕ್ಕೆ ಇಂಥವರು. ಹೆಸರು ಹುಡುಕಿ ತೆರೀತದೆ."

ನಾನು ನಂಬಲಿಲ್ಲ. ಆದರೆ ಮುಂದಿನ ವಾರ ಬೆಳಿಗ್ಗೆ ಸಾಫ್ಟ್‌ವೇರ್ ತೆರೆದು ಕೈಕಟ್ಟಿ ಕೂತೆ. ಪರದೆ ಒಂದು ಗಳಿಗೆ ಬೆಳ್ಳಗಾಯಿತು. ಆಮೇಲೆ ಯಾರೋ ಅದೃಶ್ಯರು ಟಿಕ್ ಹಾಕುತ್ತಿರುವ ಹಾಗೆ ಒಂದೊಂದೇ ಚೌಕ ತುಂಬಿಕೊಂಡಿತು. ಹಸಿರು, ನೀಲಿ, ಕೇಸರಿ. ಅಂದು ಕುಂದಾಪುರಕ್ಕೆ ಬೇಕಾದ ಮೂವರೇ, ಅಚ್ಚುಕಟ್ಟಾಗಿ ಅಕ್ಕಪಕ್ಕ. ನನಗೆ ಸಂತೋಷವಾಯಿತೋ ಹೆದರಿಕೆಯಾಯಿತೋ ಹೇಳಲಾರೆ. ಬೈಂದೂರಿನ ಕೌಂಟರಿನಲ್ಲಿ ಬಿಜೂರಿನ ಸುಜಾತ ಇದ್ದಳು. ಅವಳು ಅಲ್ಲಿಂದ ಫೋನ್ ಮಾಡಿ, "ಅಕ್ಕ, ನಿಮ್ಮಲ್ಲೂ ಬಂತಾ? ನಾನ್ ಮುಟ್ಲೇ ಇಲ್ಲೆ ಕಾಣಿ, ಅದೇ ಬಂತ್!" ಎಂದು ಕೂಗಿದಳು.

ಎರಡು ವರ್ಷ ಅದು ಚೆನ್ನಾಗಿ ನಡೆಯಿತು. ನಾವು ಮೂರೂ ಕೌಂಟರಿನವರು ಪರದೆಯನ್ನು ಎಷ್ಟು ನಂಬಿದೆವೆಂದರೆ, ಡಾಕ್ಟರು ಎಲ್ಲಿದ್ದಾರೆಂದು ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳುವುದನ್ನೇ ನಿಲ್ಲಿಸಿದೆವು. ಆಮೇಲೆ ಮೂರೂ ಕಡೆ ಹಳೆ ಕಂಪ್ಯೂಟರ್ ತೆಗೆದು ಹೊಸದು ಹಾಕಿದರು. ಅದೇ ಸಮಯಕ್ಕೆ ಡಾಕ್ಟರುಗಳ ದಿನಗಳನ್ನೂ ಬದಲಾಯಿಸಿದರು. ಗುಲಾಬಕ್ಕನ ಪ್ರಕರಣ ನಡೆದದ್ದು ಹೊಸ ದಿನಗಳು ಶುರುವಾದ ಮೊದಲನೇ ಬುಧವಾರ.

ಗುಲಾಬಕ್ಕ ನಮ್ಮೂರು ಬೀಜಾಡಿಯವರು. ಮನೆಮನೆಗೆ ಮೀನು ಮಾರುತ್ತಿದ್ದವರು. ನಾನು ಲಂಗ ಹಾಕುತ್ತಿದ್ದ ಕಾಲದಿಂದ ಅವರ ಬುಟ್ಟಿಯ ಬಂಗುಡೆ ತಿಂದು ಬೆಳೆದವಳು. ಆ ದಿನ ಬೆಳಿಗ್ಗೆ ಅವರ ಸೊಸೆ ಶಾಂತಾ ರಿಕ್ಷಾದಲ್ಲಿ ಅವರನ್ನು ಕರೆತಂದಳು. ಬಲಗಣ್ಣು ಕೆಂಡದ ಹಾಗೆ ಕೆಂಪಗಾಗಿತ್ತು. ಅರ್ಧ ತಲೆ ಹಿಡಿದುಕೊಂಡು ಬಾಗಿಲಿನಲ್ಲೇ ಕೂತುಬಿಟ್ಟರು. ದಾರಿಯಲ್ಲಿ ವಾಂತಿಯಾಗಿತ್ತಂತೆ.

"ಹೆಣೆ ವಾರಿಜಾ, ಬಲ್ಬಿನ ಸುತ್ತ ಬಣ್ಣ ಬಣ್ಣದ ಬಳೆ ಕಂಡಂಗ್ ಆತ್ತ್. ಡಾಕ್ಟ್ರ್ ಇದ್ರಾ?"

ನಮ್ಮ ಸಿಸ್ಟರ್ ಫಿಲೋಮಿನಾ ಬಂದು ಕಣ್ಣು ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. "ಕಣ್ಣಿನೊಳಗೆ ಪ್ರೆಶರ್ ಏರಿದ ಹಾಗೆ ಉಂಟು. ಹೀಗೇ ಬಿಟ್ಟರೆ ಕಣ್ಣು ಹೋಗ್ತದೆ. ಮಾಧವ ಡಾಕ್ಟರು ಎಲ್ಲಿ? ಬೇಗ ಹೇಳಿ."

ಇಂಥ ಕಣ್ಣಿಗೆ ನಮ್ಮಲ್ಲಿದ್ದವರು ಮಾಧವ ಡಾಕ್ಟರೊಬ್ಬರೇ. ನಾನು ಪರದೆ ನೋಡಿದೆ. ಮಾಧವ ಡಾಕ್ಟರರ ಹೆಸರಿನ ಕೇಸರಿ ಕ್ಯಾಲೆಂಡರಿನಲ್ಲಿ ಬುಧವಾರದ ಚೌಕದ ತುಂಬ 'ಬೈಂದೂರು' ಎಂದಿತ್ತು. ಡಾಕ್ಟರರ ಮೊಬೈಲಿಗೆ ಮಾಡಿದೆ, ಸ್ವಿಚ್ ಆಫ್. ಅವರೇ ಕಾರು ಓಡಿಸುವವರು, ಓಡಿಸುವಾಗ ಫೋನ್ ಬಂದ್ ಮಾಡಿಡುವುದು ಅವರ ಪದ್ಧತಿ. ಬೈಂದೂರಿಗೆ ಮಾಡಿದೆ. ಸುಜಾತ ಎತ್ತಿದಳು.

"ಸುಜಾತ, ಮಾಧವ ಡಾಕ್ಟ್ರಿಗೆ ಫೋನ್ ಕೊಡ್. ಅರ್ಜೆಂಟ್."

"ಅವ್ರ್ ಇಲ್ಲಿಲ್ಲೆ ಅಕ್ಕ. ಇವತ್ತ್ ಬ್ರಹ್ಮಾವರ ಅಲ್ದಾ? ನನ್ ಕಂಪ್ಯೂಟರಲ್ಲಿ ಹಾಂಗೇ ತೋರ್ಸ್ತಿತ್."

"ನನ್ನದ್ರಲ್ಲಿ ಬೈಂದೂರು ಅಂತ ಇತ್ತಲ್ಲೇ!"

"ಇಲ್ಲೆ ಅಕ್ಕ, ಬ್ರಹ್ಮಾವರ. ದೊಡ್ಡಕ್ಷರದಲ್ಲಿ ಇತ್."

ಬ್ರಹ್ಮಾವರಕ್ಕೆ ಮಾಡಿದೆ. ಪ್ರಭು ಸರ್ ತಾವೇ ಎತ್ತಿದರು. "ಇಲ್ಲಿ ಯಾಕೆ ಇರ್ತಾರೆ ವಾರಿಜಾ? ಇವತ್ತು ಕುಂದಾಪುರ ಅವರಿಗೆ. ನನ್ನ ಎದುರಿಗೇ ಇದೆ ಕ್ಯಾಲೆಂಡರ್. ನಿಮ್ಮಲ್ಲೇ ಇದ್ದಾರೆ, ಒಳಗೆ ಸರಿಯಾಗಿ ನೋಡಿ."

ಒಳಗೆ ಹೋಗಿ ನೋಡಿಯೂ ಬಂದೆ. ಅಷ್ಟು ಮಂಕು ಹಿಡಿದಿತ್ತು ನನಗೆ. ರೇಖಾ ಡಾಕ್ಟರರ ವಿಷಯದಲ್ಲಿ ಒಮ್ಮೆ ಹಾಗಾಗಿತ್ತಲ್ಲ, ಈಗಲೂ ಯಾವುದೋ ಕೋಣೆಯಲ್ಲಿ ಕೂತಿರಬಹುದೆಂದು ಬಾಗಿಲುಗಳನ್ನೆಲ್ಲ ತೆರೆದೆ. ಯಾರೂ ಇರಲಿಲ್ಲ. ಮೂರು ಊರಿನಲ್ಲಿ ಮೂರು ಪರದೆ, ಒಬ್ಬರೇ ಡಾಕ್ಟರು, ಪ್ರತಿಯೊಂದು ಪರದೆಯೂ ಅವರು ಇನ್ನೊಂದು ಊರಿನಲ್ಲಿದ್ದಾರೆ ಎನ್ನುತ್ತಿತ್ತು.

ಬೆಂಚಿನ ಮೇಲೆ ಗುಲಾಬಕ್ಕ ಸೊಸೆಯ ತೊಡೆಗೆ ತಲೆಯಿಟ್ಟು ನರಳುತ್ತಿದ್ದರು. "ಎಂತ ಅಂಬ್ರ್ ಅಕ್ಕ? ಎಲ್ಲಿಗೆ ಹೋಯ್ಕ್?" ಎಂದು ಶಾಂತಾ ನನ್ನ ಮುಖ ನೋಡಿದಳು. ಬೈಂದೂರಿಗೆ ಕಳಿಸಿದರೆ ಅಲ್ಲಿ ಇಲ್ಲ. ಬ್ರಹ್ಮಾವರಕ್ಕೆ ಕಳಿಸಿದರೆ ಅಲ್ಲಿಯೂ ಇಲ್ಲ. ಫಿಲೋಮಿನಾ ಸಿಸ್ಟರ್, "ಇನ್ನು ಕಾಯುದು ಬೇಡ. ಉಡುಪಿಗೆ ಕಳಿಸುವ, ಅಲ್ಲಿ ದೊಡ್ಡ ಆಸ್ಪತ್ರೆ ಉಂಟು" ಎಂದು ವ್ಯಾನಿಗೆ ಹೇಳಿಯೇಬಿಟ್ಟರು. ಗುಲಾಬಕ್ಕನನ್ನು ಎಬ್ಬಿಸಿ ನಿಲ್ಲಿಸಿದ್ದೂ ಆಯಿತು. ಆಗ ಸುಜಾತನ ಫೋನ್ ಬಂತು.

"ಅಕ್ಕ, ಮಾಧವ ಡಾಕ್ಟ್ರ್ ಇಲ್ಲಿಗೇ ಬಂದಿದ್ರಂಬ್ರ್! ನಾನ್ ಬಪ್ಪುಕ್ ಮುಂಚೆ. ವಾಚ್‌ಮನ್ನಿನ ಹತ್ರ, ಇಲ್ಲಿ ನನ್ ಪೇಶೆಂಟ್ ಯಾರೂ ಇಲ್ಲ್ಯಾ ಕೇಂಡ್ರಂಬ್ರ್. ಅವ, ಇವತ್ತ್ ನೀವ್ ಬ್ರಹ್ಮಾವರ ಅಂದೇಳಿ ಸುಜಾತ ನಿನ್ನೆಯೇ ಹೇಳಿದ್ಲ್ ಅಂದಿದ. ಕಾರ್ ತಿರ್ಗ್ಸಕಂಡ್ ಹೋಯ್ರ್."

"ಹೋಗಿ ಎಷ್ಟು ಹೊತ್ತಾಯ್ತು?"

"ಸುಮಾರ್ ಹೊತ್ತಾಯ್ತ್. ಈಗ ನಿಮ್ ಹತ್ರ ಹತ್ರ ಬಂದಿರ್ಕ್."

ಬೈಂದೂರಿನಿಂದ ಬ್ರಹ್ಮಾವರಕ್ಕೆ ಹೋಗುವವರು ಕುಂದಾಪುರದ ಮೇಲೆಯೇ ಹೋಗಬೇಕು. ಆಗ ಹೆದ್ದಾರಿಗೆ ಮೇಲ್ಸೇತುವೆ ಇರಲಿಲ್ಲ. ಎಲ್ಲ ವಾಹನವೂ ಶಾಸ್ತ್ರಿ ಸರ್ಕಲ್ಲಿನಲ್ಲೇ ನಿಧಾನ ಮಾಡಿ ಸುತ್ತು ಹಾಕಿ ಹೋಗುತ್ತಿದ್ದವು. ನಮ್ಮ ಶಾಖೆ ಅಲ್ಲಿಂದ ಕೂಗಳತೆಯ ದೂರ. ಆದರೆ ಡಾಕ್ಟರು ದಾಟಿ ಹೋಗಿದ್ದಾರೋ ಇಲ್ಲವೋ? ವ್ಯಾನನ್ನು ನಿಲ್ಲಿಸಿಕೊಂಡು, ಅವರು ಆಗಲೇ ಹೋಗಿಬಿಟ್ಟಿದ್ದರೆ ಗುಲಾಬಕ್ಕನ ಕಣ್ಣಿಗೆ ಯಾರು ಜವಾಬ್ದಾರಿ? ಕಳಿಸಿಬಿಟ್ಟು, ಅವರು ಈಗಷ್ಟೇ ಬಂದರೆ? ಎರಡೂ ಸರಿ ಅನಿಸುತ್ತಿತ್ತು, ಎರಡೂ ತಪ್ಪು ಅನಿಸುತ್ತಿತ್ತು. ಸಿಸ್ಟರಿಗೆ, "ಇವರನ್ನು ವ್ಯಾನಿಗೆ ಹತ್ತಿಸಿ ಸರ್ಕಲ್ಲಿಗೆ ತನ್ನಿ. ಡಾಕ್ಟರು ಸಿಕ್ಕಿದರೆ ತಿರುಗಿಸುವ, ಇಲ್ಲದಿದ್ದರೆ ಅಲ್ಲಿಂದಲೇ ಉಡುಪಿಗೆ ಹೋಗಲಿ" ಎಂದು ಹೇಳಿ ಚಪ್ಪಲಿ ಕೂಡ ಹಾಕದೆ ಓಡಿದೆ.

ಸರ್ಕಲ್ಲಿನಲ್ಲಿ ಬಸ್ಸುಗಳು, ಮೀನಿನ ಲಾರಿಗಳು, ಶಾಲೆಯ ವ್ಯಾನುಗಳು. ಮಾಧವ ಡಾಕ್ಟರರದ್ದು ಬಿಳಿ ಕಾರು. ಆ ದಿನ ಬಡಗಿನಿಂದ ಬಂದದ್ದೆಲ್ಲ ಬಿಳಿ ಕಾರೇ ಅನಿಸಿತು. ಒಂದಕ್ಕೆ ಕೈ ಅಡ್ಡ ಹಿಡಿದೆ, ಒಳಗೆ ಮದುವೆಗೆ ಹೊರಟ ಸಂಸಾರ. ಇನ್ನೊಂದಕ್ಕೆ ಹಿಡಿದೆ, ಅವನು ಬೈದು ಹೋದ. ಟ್ರಾಫಿಕ್ ಪೊಲೀಸರು ಸೀಟಿ ಊದುತ್ತ ನನ್ನ ಕಡೆ ಬರತೊಡಗಿದರು. "ಹ್ವಾಯ್ ಅಮ್ಮ, ಎಂತ ಆಯ್ತ್ ನಿಮ್ಗೆ? ಸಾಯುಕಿತ್ತಾ?"

"ಡಾಕ್ಟ್ರ್ ಹೋತ್ರ್ ಮಾರಾಯ್ರೆ, ನಮ್ ಡಾಕ್ಟ್ರ್! ಒಬ್ರ್ ಕಣ್ಣ್ ಹೋತ್ತ್!" ಎಂದೆ. ಅವರಿಗೆ ಏನು ಅರ್ಥವಾಯಿತೋ ದೇವರೇ ಬಲ್ಲ. ಅಷ್ಟರಲ್ಲಿ ಒಂದು ಬಸ್ಸಿನ ಹಿಂದೆ ಮಾಧವ ಡಾಕ್ಟರರ ಮುಖ ಕಂಡಿತು. ಆಸ್ಪತ್ರೆಯಲ್ಲಿ ಅವರ ಎದುರು ದನಿಯೆತ್ತಿ ಮಾತಾಡದ ನಾನು, ಹೆದ್ದಾರಿಯ ನಡುವೆ ನಿಂತು "ಹ್ವಾಯ್ ಡಾಕ್ಟ್ರೇ!" ಎಂದು ಬೊಬ್ಬೆ ಹೊಡೆದೆ. ಪೊಲೀಸರು ಕೈಯೆತ್ತಿ ಆ ಕಡೆಯ ವಾಹನಗಳನ್ನೆಲ್ಲ ನಿಲ್ಲಿಸಿದರು.

ಡಾಕ್ಟರು ಗಾಜು ಇಳಿಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ದಾರಿ ತಪ್ಪಿದವರ ಮುಖ ಹಾಗಿರುತ್ತದೆ.

"ವಾರಿಜಾ, ನಾನು ಇವತ್ತು ಎಲ್ಲಿರಬೇಕು?"

"ಗೊತ್ತಿಲ್ಲ ಸರ್. ಈಗ ಮಾತ್ರ ಕುಂದಾಪುರದಲ್ಲಿ ಇರಬೇಕು."

ಹಿಂದಿನಿಂದ ನಮ್ಮ ವ್ಯಾನು ಬಂತು. ಡಾಕ್ಟರು ರಸ್ತೆ ಬದಿಯಲ್ಲೇ ಟಾರ್ಚ್ ಹಾಕಿ ಗುಲಾಬಕ್ಕನ ಕಣ್ಣು ನೋಡಿ, ಕೂಡಲೇ ಕಾರು ತಿರುಗಿಸಿದರು. ಶಾಖೆಗೆ ಬಂದು ಕಣ್ಣಿಗೆ ಹನಿ ಬಿಟ್ಟರು, ಮಾತ್ರೆ ಕೊಟ್ಟರು, ಕೈಗೆ ಡ್ರಿಪ್ ಏರಿಸಿದರು. ನಾನು ಕೌಂಟರಿಗೆ ಬಂದು ಕೂತೆ. ಕಾಲಿನಲ್ಲಿ ಟಾರಿನ ಕಪ್ಪು. ಎದುರಿನ ಪರದೆಯಲ್ಲಿ ಮಾಧವ ಡಾಕ್ಟರು ಇನ್ನೂ ಬೈಂದೂರಿನಲ್ಲೇ ಇದ್ದರು. ಗೋಡೆಯ ಆಚೆಯಿಂದ ಅವರ ಕೆಮ್ಮು ಕೇಳುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಗುಲಾಬಕ್ಕನ ನೋವು ಇಳಿಯಿತು. ಲೇಸರ್ ಮೆಶಿನ್ ಇದ್ದದ್ದು ಬ್ರಹ್ಮಾವರದಲ್ಲಿ. ಡಾಕ್ಟರು ತಮ್ಮ ಕಾರಿನಲ್ಲೇ ಅವರನ್ನು ಕೂರಿಸಿಕೊಂಡು ಹೋದರು. ಅಲ್ಲಿ ಅವರಿಗಾಗಿ ಬೆಳಗಿನಿಂದ ಕಾಯುತ್ತಿದ್ದವರು ಒಂದು ಕೋಣೆಯ ತುಂಬ ಇದ್ದರಂತೆ, ಪ್ರಭು ಸರ್ ಪರದೆ ಬಿಟ್ಟು ಎದ್ದು ನೋಡಿರಲಿಲ್ಲ. ಸುಜಾತನ ಪರದೆಯೇ ಸರಿಯಾಗಿತ್ತು.

ಗುಲಾಬಕ್ಕನ ಬಲಗಣ್ಣು ಉಳಿಯಿತು. ಅಂಚಿನಲ್ಲಿ ಸ್ವಲ್ಪ ಮಸುಕು ಉಳಿದುಹೋಯಿತು, ಆ ಭಾಗದ ದೃಷ್ಟಿ ಮತ್ತೆ ಬರಲಿಲ್ಲ. ಎಡಗಣ್ಣಿಗೂ ಹಾಗೆ ಆಗದಿರಲೆಂದು ಆಮೇಲೆ ಲೇಸರ್ ಮಾಡಿದರು. ಒಂದು ತಿಂಗಳ ನಂತರ ನಮ್ಮ ಮನೆಯ ಅಂಗಳಕ್ಕೆ ಬುಟ್ಟಿ ಹೊತ್ತುಕೊಂಡು ಬಂದು, "ಬಲ್ದ ಬದಿಯಂಗ್ ನಿತ್ಕಂಡ್ರೆ ನೀ ಕಾಂತಿಲ್ಲೆ ಹೆಣೆ, ಈಚಿಗ್ ಬಾ" ಎಂದರು. ನಾನು ಈಚೆಗೆ ಹೋಗಿ ನಿಂತೆ.

ಆ ವಾರ ಬ್ರಹ್ಮಾವರದಲ್ಲಿ ಮೀಟಿಂಗ್ ಆಯಿತು. ಪ್ರಭು ಸರ್ ಸಿಟ್ಟಿನಲ್ಲಿ, "ಈ ತಾನೇ ತೆರೆದುಕೊಳ್ಳುವ ಮಾಟ ಬೇಡವೇ ಬೇಡ. ಹಲಗೆ ತನ್ನಿ" ಎಂದರು. ಲಾರೆನ್ಸ್ ತಲೆ ತಗ್ಗಿಸಿ ಕೂತಿದ್ದ. ಆಮೇಲೆ ನಿಧಾನವಾಗಿ ವಿವರಿಸಿದ. ಅವನ ಪ್ರೋಗ್ರಾಂ ಹೆಸರು ನೋಡಿ ಕ್ಯಾಲೆಂಡರ್ ತೆರೆಯುತ್ತಿತ್ತು. ಹೊಸ ಕಂಪ್ಯೂಟರ್ ಬಂದಾಗ ಮಾಧವ ಡಾಕ್ಟರರ ಹೆಸರಿನಲ್ಲಿ ಹೊಸ ಕ್ಯಾಲೆಂಡರ್ ಮಾಡಿದ್ದರು, ಹಳೆಯದನ್ನು ಅಳಿಸಿರಲಿಲ್ಲ. ಅದು ಸಾಲದೆಂಬಂತೆ ಯಾರೋ ಜಾಗ್ರತೆಗಿರಲಿ ಎಂದು ಇನ್ನೊಂದು ನಕಲು ಮಾಡಿಟ್ಟು, ಅದರಲ್ಲೇ ದಿನಗಳನ್ನು ಬದಲಾಯಿಸಲು ಹೊರಟು ಅರ್ಧಕ್ಕೆ ಬಿಟ್ಟಿದ್ದರು. ಒಂದೇ ಹೆಸರಿನ ಮೂರು ಕ್ಯಾಲೆಂಡರು. ಪ್ರೋಗ್ರಾಂ ಒಂದೊಂದು ಊರಿನಲ್ಲಿ ತನಗೆ ಮೊದಲು ಸಿಕ್ಕಿದ್ದನ್ನು ತೆರೆದಿತ್ತು. ಡಾಕ್ಟರು ಮನೆಯಲ್ಲಿ ನೋಡಿದ್ದೂ ಹಳೆಯದನ್ನೇ.

"ಅದು ತಪ್ಪು ಮಾಡ್ಲಿಲ್ಲ ಸರ್" ಎಂದ ಲಾರೆನ್ಸ್. "ನಾವು ಹೇಳಿದ ಹೆಸರನ್ನೇ ತೆರ್ದಿದೆ."

"ಹಾಗಾದರೆ ತಪ್ಪು ಯಾರದ್ದು?" ಎಂದರು ಪ್ರಭು ಸರ್.

ಆ ನಕಲು ಮಾಡಿದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಪ್ರಭು ಸರ್ ತಾವೇ ಇರಬಹುದೆಂದು ನನಗೆ ಒಮ್ಮೆ ಅನಿಸುತ್ತದೆ, ಅಲ್ಲ ಎಂದೂ ಅನಿಸುತ್ತದೆ. ಮಾಧವ ಡಾಕ್ಟರೇ ಕೊನೆಗೆ ಹೇಳಿದರು: "ಹಲಗೆ ಬೇಡ. ನನ್ನ ಹೆಸರಿನಲ್ಲಿ ಒಂದೇ ಕ್ಯಾಲೆಂಡರ್ ಇರಲಿ. ಉಳಿದೆರಡನ್ನು ತೆಗೆಯಿರಿ."

ತೆಗೆಯುವುದು ಹೇಳಿದಷ್ಟು ಸುಲಭವಿರಲಿಲ್ಲ. ಆ ಕೆಲವು ದಿನಗಳಲ್ಲಿ ಮೂರು ಕೌಂಟರಿನವರೂ ಮೂರು ಬೇರೆ ಬೇರೆ ಕ್ಯಾಲೆಂಡರಿನಲ್ಲಿ ರೋಗಿಗಳ ಹೆಸರು ಬರೆದಿಟ್ಟಿದ್ದೆವು. ಯಾವುದನ್ನು ಅಳಿಸಿದರೂ ಯಾರೋ ಒಬ್ಬರು ಬೀದಿಪಾಲು. ನಾನೂ ಸುಜಾತನೂ ಕೂತು ಎಲ್ಲರಿಗೂ ಫೋನ್ ಮಾಡಿ ಹೊಸ ದಿನ ಹೇಳಿದೆವು. ನಿವೃತ್ತ ಮೇಷ್ಟ್ರೊಬ್ಬರ ಹೆಸರು ಮೂರರಲ್ಲೂ ಇತ್ತು, ಮೂರು ಊರಿನಲ್ಲಿ. ಏನು ಸರ್ ಇದು ಎಂದು ಕೇಳಿದರೆ, "ನಿಮ್ಮ ಡಾಕ್ಟರು ಎಲ್ಲಿರುತ್ತಾರೆಂದು ನಿಮಗೇ ಗೊತ್ತಿರುವುದಿಲ್ಲವಲ್ಲ, ಅದಕ್ಕೆ ಮೂರೂ ಕಡೆ ಹೇಳಿಟ್ಟೆ" ಎಂದರು. ಒಂದನ್ನು ಉಳಿಸಿ ಉಳಿದೆರಡನ್ನು ಅಳಿಸಿದೆ.

ಲಾರೆನ್ಸ್ ಪ್ರೋಗ್ರಾಂ ತಿದ್ದಿದ. ಈ ಸಲ ಹೆಸರನ್ನು ಬಿಟ್ಟು, ಕ್ಯಾಲೆಂಡರ್ ಇರುವ ಜಾಗವನ್ನೇ ಗುರುತಿಟ್ಟು ತೆರೆಯುವ ಹಾಗೆ ಮಾಡಿದ. ಒಂದೇ ಹೆಸರಿನ ಎರಡು ಕಂಡರೆ ನಿಂತು ನಮ್ಮನ್ನು ಕೇಳುವ ಹಾಗೆಯೂ ಮಾಡಿದ. ಬೆಳಿಗ್ಗೆ ಪರದೆ ತೆರೆದ ಮೇಲೆ ಮೂರು ಕೌಂಟರಿನವರು ಒಬ್ಬರಿಗೊಬ್ಬರು ಫೋನ್ ಮಾಡಿ ಓದಿ ಹೇಳುವ ಅಭ್ಯಾಸವನ್ನು ನಾವೇ ಮತ್ತೆ ಶುರುಮಾಡಿದೆವು. ಹೊಸಬರೇ, ನೀವು ಅದನ್ನು ಬಿಡಬೇಡಿ. ಪರದೆ ಸರಿಯಾಗಿದ್ದರೂ ಸರಿ, ಒಮ್ಮೆ ಕೇಳಿಬಿಡಿ. ಆಮೇಲೆ ಅಂಥ ದೊಡ್ಡ ಎಡವಟ್ಟು ಆಗಲಿಲ್ಲ. ಸಣ್ಣಪುಟ್ಟದ್ದು ಇದ್ದೇ ಇತ್ತು.

ನಾನು ನಿವೃತ್ತಿಯಾದಾಗ ಶಾಲು ಹೊದಿಸಿ ಕಳಿಸಿದರು. ನನ್ನ ಜಾಗಕ್ಕೆ ಅಶ್ವಿನಿ ಬಂದಳು. ಹೊಸ ಮ್ಯಾನೇಜರ್ ನಿಯಮದ ಪ್ರಕಾರ ಮರುದಿನವೇ ಕಂಪ್ಯೂಟರಿನಿಂದ ನನ್ನ ಹೆಸರು, ಅಂದರೆ ನನ್ನ ಲಾಗಿನ್, ತೆಗೆದರು. ಬೆಳಿಗ್ಗೆ ನಾನು ಮನೆಯಲ್ಲಿ ಚಾ ಕುಡಿಯುತ್ತಿದ್ದಾಗ ಅಶ್ವಿನಿಯ ಫೋನ್. "ಅಕ್ಕ, ಒಂದ್ ಕ್ಯಾಲೆಂಡರೂ ತೆರಿತಿಲ್ಲೆ. ಪೂರಾ ಬೆಳ್ಳಗೆ ಇತ್!"

ಅಷ್ಟು ಹೊತ್ತಿಗೆ ಲಾರೆನ್ಸ್ ಮಸ್ಕತ್ತಿಗೆ ಹೋಗಿ ವರ್ಷವಾಗಿತ್ತು. ಅವನನ್ನು ಫೋನಿನಲ್ಲಿ ಹಿಡಿದದ್ದಾಯಿತು. ಅವನು ನಕ್ಕ. "ಕುಂದಾಪುರದ ಪ್ರೋಗ್ರಾಂ ನಾನು ಅಕ್ಕನ ಹೆಸರಲ್ಲೇ ಬರ್ದದ್ದು. ಅಕ್ಕ ಬಿಟ್ಟು ಹೋಗ್ತಾರೆ ಅಂತ ನನ್ಗೆ ಆಗ ತಲೆಗೇ ಬರ್ಲಿಲ್ಲ. ಹೆಸರು ವಾಪಸ್ ಹಾಕಿ, ಸರಿಯಾಗ್ತದೆ." ಮ್ಯಾನೇಜರ್ ಗೊಣಗಿಕೊಂಡೇ ಹಾಕಿಸಿದರು. ನಾನು ಬಸ್ಸು ಹತ್ತಿ ಹೋಗಿ ಪಾಸ್‌ವರ್ಡ್ ಕೊಟ್ಟು ಬಂದೆ. ಹಸಿರು, ನೀಲಿ, ಕೇಸರಿ ಎಲ್ಲ ಬಂದವು. ಬೇರೆ ಹೆಸರಿಗೆ ಬದಲಾಯಿಸುತ್ತೇವೆ ಎಂದು ಅವರು ಹೇಳುತ್ತಲೇ ಇದ್ದರು. ಯಾರೂ ಬದಲಾಯಿಸಲಿಲ್ಲ.

ಹೀಗಾಗಿ ನಾನು ಮನೆಯಲ್ಲಿದ್ದರೂ ಕುಂದಾಪುರದ ಕೌಂಟರಿನಲ್ಲಿ ದಿನವೂ ಹಾಜರಿದ್ದೆ. ಡಾಕ್ಟರುಗಳ ಮೇಲ್ ನನ್ನ ಹೆಸರಿಗೇ ಬರುತ್ತಿತ್ತು, ಅಶ್ವಿನಿ ನನ್ನ ಹೆಸರಿನಲ್ಲೇ ಉತ್ತರ ಕಳಿಸುತ್ತಿದ್ದಳು. ಕೆಲವು ತಿಂಗಳ ನಂತರ ನನ್ನ ಕಣ್ಣಿಗೇ ಪೊರೆ ಬಂದ ಅನುಮಾನವಾಗಿ ತೋರಿಸಲು ಹೋದೆ. ಒಳಗಿದ್ದವರು ಹೊಸ ಡಾಕ್ಟರು, ನನ್ನನ್ನು ಕಂಡವರಲ್ಲ. ನನ್ನ ಚೀಟಿಯಲ್ಲಿ ಹೆಸರು ಓದಿ ತಲೆಯೆತ್ತಿದರು.

"ಓ, ವಾರಿಜಾ ಅಂದರೆ ನೀವೇನಾ? ಶುಕ್ರವಾರ ನನ್ನನ್ನು ಬೈಂದೂರಿಗೆ ಹಾಕಬೇಡಿ ಅಂದಿದ್ದೆನಲ್ಲ. ಆಗಲಿ ಸರ್ ಅಂತ ಈಗಷ್ಟೇ ನಿಮ್ಮ ಮೇಲ್ ಬಂತು. ಇಷ್ಟು ಬೇಗ ಕೌಂಟರ್ ಬಿಟ್ಟು ಬಂದಿರಾ? ಅಲ್ಲಿ ಯಾರಿದ್ದಾರೆ?"

ನಾನು ತಿರುಗಿ ನೋಡಿದೆ. ಬಾಗಿಲಿನ ಸಂದಿನಲ್ಲಿ ಅಶ್ವಿನಿ, ಹೇಳಬೇಡಿ ಎನ್ನುವ ಹಾಗೆ, ಎರಡೂ ಕೈ ಜೋಡಿಸಿ ನಿಂತಿದ್ದಳು.

"ಒಬ್ಬಳನ್ನು ಕೂರಿಸಿ ಬಂದಿದ್ದೇನೆ ಸರ್" ಎಂದು ಹೇಳಿ, ಕಣ್ಣು ನೋಡುವ ಮೆಶಿನಿನ ಮೇಲೆ ಗದ್ದ ಇಟ್ಟೆ.